ಖಡಕ್ ರೊಟ್ಟಿಯ ಮೇಲೆ ಮೆಕ್ಸಿಕೋ ಊಟ

ಮೆಕ್ಸಿಕನ್ ಅಡುಗೆ ಅಂದಕೂಡಲೇ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಮೊದಲು ಬರುವ ಮಾತು, "ಅದರ ಸಾಮಾನು ನಮ್ಮಲ್ಲಿ ಎಲ್ಲಿ ಸಿಗ್ತಾವ್ರಿ?" ಸೂಪರ್ ಮಾರ್ಕೆಟ್‌ನಲ್ಲಿ ಮಡಚಿದ ಗರಿಗರಿ ರೊಟ್ಟಿಯಂಥ ಟಾಕೊ ಶೆಲ್‌ನ ಡಬ್ಬಿ, ಮಸಾಲೆ ಪೊಟ್ಟಣ, ಬಾಟಲಿ ಸಾಲ್ಸಾ (ಅಲ್ಲಿಯ ಚಟ್ನಿ) ಸಿಗುತ್ತವೆ, ನಿಜ. ಅವನ್ನೆಲ್ಲ ಕೊಂಡು, ರಾಜ್ಮಾ ಬೇಯಿಸಿ, ಕ್ಯಾಪ್ಸಿಕಂ ಹೆಚ್ಚಿ, ಮೇಲೆ ಕೈತುಂಬ ಚೀಸ್ ತುರಿದು ಹಾಕಿದರೆ ಉಪ್ಪು-ಸಿಹಿ ಮಿಶ್ರಣವೊಂದು ತಯಾರಾಗುತ್ತದೆ. ಮಕ್ಕಳು ಒಂದು ಸಲ ತಿನ್ನುತ್ತಾರೆ, ಎರಡನೇ ಸಲ ಕೇಳುವುದಿಲ್ಲ. ಆ ಅಡುಗೆಯ ಜೀವ ಚೀಸ್‌ನಲ್ಲಿಲ್ಲ. ಹಂಚಿನ ಮೇಲೆ ಸುಟ್ಟ ಟೊಮೆಟೊ-ಮೆಣಸಿನಕಾಯಿಯ ಸಾಲ್ಸಾದಲ್ಲಿದೆ, ಎಣ್ಣೆಯಲ್ಲಿ ಗಟ್ಟಿಯಾಗಿ ಕಲಸಿದ ಕಾಳಿನಲ್ಲಿದೆ, ತಿನ್ನುವ ಹೊತ್ತಿಗೆ ಹಿಂಡುವ ನಿಂಬೆಯಲ್ಲಿದೆ. ಇವು ಮೂರೂ ನಮ್ಮ ಸಂತೆಯ ಚೀಲದೊಳಗೇ ಇವೆ.

ರೊಟ್ಟಿಯ ಮಾತಿಗೆ ಬರೋಣ. ಮೆಕ್ಸಿಕೋದಲ್ಲಿ ಟೋರ್ಟಿಯಾ ಅಂದರೆ ಮೆಕ್ಕೆಜೋಳದ ತೆಳು ರೊಟ್ಟಿ, ಅಂಗೈಗಿಂತ ತುಸು ದೊಡ್ಡದು. ಹಿಂದಿನ ದಿನದ ಟೋರ್ಟಿಯಾ ಒಣಗಿದರೆ ಬಿಸಾಡದೆ, ಸುಟ್ಟೋ ಕರಿದೋ ಗರಿಗರಿ ಮಾಡಿ ಅದರ ಮೇಲೆ ಕಾಳು, ಸೊಪ್ಪು, ಸಾಲ್ಸಾ ಹರಡಿ ತಿನ್ನುತ್ತಾರೆ. ಅದೇ ಟೊಸ್ತಾದಾ. ಮನೆಯಲ್ಲಿ ಖಡಕ್ ರೊಟ್ಟಿಯ ಕಟ್ಟು ಇದ್ದವರಿಗೆ ಊಟದ ಅರ್ಧ ಕೆಲಸ ಆಗಲೇ ಮುಗಿದಿರುತ್ತದೆ. ಜೋಳದ ಖಡಕ್ ರೊಟ್ಟಿ ತೆಳ್ಳಗಿರುವುದರಿಂದ ಬೇಗ ಮುರಿಯುತ್ತದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಸ್ವಲ್ಪ ದಪ್ಪ, ಭಾರ ತಾಳುತ್ತದೆ. ಅದರ ಸಣ್ಣ ಕಹಿ ಸುಟ್ಟ ಟೊಮೆಟೊಗೆ ಚೆನ್ನಾಗಿ ಒಗ್ಗುತ್ತದೆ ಕೂಡ. ಕುಷ್ಟಗಿ, ಲಿಂಗಸೂಗೂರು ಕಡೆಯ ಸಜ್ಜೆ ರೊಟ್ಟಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ. ಒಂದು ಮಾತು ಸ್ಪಷ್ಟವಾಗಿ ಹೇಳಬೇಕು: ಜೋಳ, ಸಜ್ಜೆ ಎರಡೂ ಆಫ್ರಿಕಾದಲ್ಲಿ ಬೇಸಾಯಕ್ಕೆ ಬಂದ ಬೆಳೆಗಳು, ಮೆಕ್ಕೆಜೋಳ ಮೆಕ್ಸಿಕೋದ್ದು. ಪರಿಮಳ ಬೇರೆಯೇ. ಖಡಕ್ ರೊಟ್ಟಿ ಟೋರ್ಟಿಯಾದ ರುಚಿ ಕೊಡುವುದಿಲ್ಲ, ಟೊಸ್ತಾದಾ ಮಾಡುವ ಕೆಲಸವನ್ನು ಮಾತ್ರ ಪೂರ್ತಿ ಮಾಡುತ್ತದೆ.

ನಾಲ್ಕು ಮಂದಿಗೆ, ಮುಕ್ಕಾಲು ಗಂಟೆಯೊಳಗೆ ಮುಗಿಯುವ ಊಟ ಇದು. ಬೇಗ ಆಗುವುದು ಬಿಡುವುದು ಕೆಲಸದ ಅನುಕ್ರಮದ ಮೇಲೆ ನಿಂತಿದೆ. ಮೊದಲು ಕಾಳು ಕುಕ್ಕರ್‌ಗೆ. ಅದು ಒಲೆ ಮೇಲಿರುವಾಗ ಉಳ್ಳಾಗಡ್ಡಿ ನಿಂಬೆರಸದಲ್ಲಿ. ಆಮೇಲೆ ಹಂಚು ಕಾಯಲಿಕ್ಕೆ ಇಟ್ಟು ಸಾಲ್ಸಾ. ಕುಕ್ಕರ್ ಇಳಿದ ಮೇಲೆ ಕಾಳಿನ ಒಗ್ಗರಣೆ. ರೊಟ್ಟಿ ಬಿಸಿ ಮಾಡುವುದು ಕಟ್ಟಕಡೆಗೆ, ಎಲ್ಲರೂ ಕೂತ ಮೇಲೆ. ಈ ಅನುಕ್ರಮ ತಪ್ಪಿದರೆ ಎಲ್ಲರೂ ತಟ್ಟೆ ಮುಂದೆ ಕಾಯುತ್ತ ಕೂರಬೇಕಾಗುತ್ತದೆ.

ಕಾಳು ಅಂದರೆ ರಾಜ್ಮಾನೇ ಆಗಬೇಕು ಅಂತ ಏನಿಲ್ಲ. ರಾಜ್ಮಾ ರಾತ್ರಿಯೇ ನೆನೆಯಬೇಕು, ಆ ನೀರು ಚೆಲ್ಲಬೇಕು, ಹೊಸ ನೀರಿನಲ್ಲಿ ಪೂರ್ತಿ ಕುದಿಯಬೇಕು. ಅರೆಬೆಂದ ರಾಜ್ಮಾದಲ್ಲಿ ಫೈಟೊಹೀಮಾಗ್ಲುಟಿನಿನ್ ಎಂಬ ವಿಷಾಂಶ ಉಳಿದು ವಾಂತಿ, ಭೇದಿ ತರುತ್ತದೆ. ಕುಕ್ಕರ್‌ನಲ್ಲಿ ಮೆತ್ತಗಾಗುವವರೆಗೆ ಬೇಯಿಸಿದರೆ ಆ ಭಯವಿಲ್ಲ, ಆದರೆ ಅವಸರದ ದಿನದ ಕಾಳು ಅದಲ್ಲ. ಅಲಸಂದಿ ನೆನೆಸದೆಯೂ ಬೇಯುತ್ತದೆ, ಸಿಪ್ಪೆ ತೆಳು, ಕಲಸಿದರೆ ಬೆಣ್ಣೆಯಂತೆ ಆಗುತ್ತದೆ. 200 ಗ್ರಾಂ ಅಲಸಂದಿಗೆ ಮೂರು ಲೋಟ ನೀರು (ಲೋಟ ಅಂದರೆ ಇಲ್ಲಿ 200 ಎಂಎಲ್), ಸಿಪ್ಪೆ ಸಮೇತ ಜಜ್ಜಿದ ಎರಡು ಎಸಳು ಬೆಳ್ಳುಳ್ಳಿ, ಒಂದು ಚಮಚ ಎಣ್ಣೆ. ನಾಲ್ಕೈದು ಸೀಟಿ, ಆಮೇಲೆ ಆವಿ ತಾನಾಗಿ ಇಳಿಯಲಿ. ಉಪ್ಪು, ಹುಳಿ ಎರಡೂ ಬೆಂದ ಮೇಲೆ.

ಇಲ್ಲಿ ನಮ್ಮ ಭಾಗದವರು ಗಮನ ಕೊಡಬೇಕಾದದ್ದು ನೀರು. ಬೋರ್‌ವೆಲ್ ನೀರು ಬಹಳ ಊರುಗಳಲ್ಲಿ ಗಡಸು. ಅದರಲ್ಲಿರುವ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯ ಪೆಕ್ಟಿನ್ ಜೊತೆ ಸೇರಿ ಅದನ್ನು ಬಿಗಿ ಮಾಡುತ್ತದೆ. ಎಂಟು ಸೀಟಿಯಾದರೂ ಕಾಳು ಒಳಗೆ ಕಚಕಚ ಅನ್ನುತ್ತದೆ. ಕಾಳು ಹಳೆಯದು ಅಂತ ಅಂಗಡಿಯವನನ್ನು ಬೈಯುವ ಮೊದಲು ಕುಡಿಯುವ ಫಿಲ್ಟರ್ ನೀರಿನಲ್ಲಿ ಒಂದು ಸಲ ಬೇಯಿಸಿ ನೋಡಿ. ಅದಿಲ್ಲದಿದ್ದರೆ ಒಂದು ಚಿಟಿಕೆ ಅಡುಗೆ ಸೋಡ ಸಾಕು. ಹೆಚ್ಚಾದರೆ ಸಾಬೂನಿನ ವಾಸನೆ ಬರುತ್ತದೆ. ಟೊಮೆಟೊ ಮೊದಲೇ ಹಾಕಿದರೂ ಇದೇ ಕಥೆ, ಹುಳಿಗೆ ಸಿಪ್ಪೆ ಸಡಿಲವಾಗುವುದಿಲ್ಲ.

ಬೆಂದ ಕಾಳಿನ ರಸ ಅರ್ಧ ಲೋಟ ತೆಗೆದಿಡಿ. ಬಾಣಲೆಯಲ್ಲಿ ಮೂರು ದೊಡ್ಡ ಚಮಚ ಶೇಂಗಾ ಎಣ್ಣೆ, ಒಂದು ಉಳ್ಳಾಗಡ್ಡಿ ಸಣ್ಣಗೆ ಹೆಚ್ಚಿದ್ದು. ಉಳ್ಳಾಗಡ್ಡಿ ಅಂಚು ಕಂದಾದಾಗ ಮೂರು ಎಸಳು ಬೆಳ್ಳುಳ್ಳಿ, ಕಾಲು ಟೀ ಚಮಚ ಜೀರಿಗೆ ಪುಡಿ. ಕೈ ತಡೆಯಬೇಕಾದ್ದು ಇಲ್ಲಿಯೇ. ಅಭ್ಯಾಸಬಲದಿಂದ ಧನಿಯಾ ಪುಡಿ, ಗರಂ ಮಸಾಲೆ, ಅರಿಸಿನ ಬಿದ್ದವೆಂದರೆ ಅದು ರೊಟ್ಟಿಗೆ ಮಾಡುವ ಕಾಳುಪಲ್ಯವೇ ಆಗುತ್ತದೆ. ರುಚಿಯಾಗಿಯೇ ಇರುತ್ತದೆ, ಬೇರೆ ಊಟ ಅಷ್ಟೆ. ಈಗ ಕಾಳು, ಒಂದು ಟೀ ಚಮಚ ಉಪ್ಪು ಹಾಕಿ ಸೌಟಿನ ಬೆನ್ನಿನಿಂದ ಒತ್ತುತ್ತ ಹೋಗಿ. ಪೂರ್ತಿ ನುಣ್ಣಗೆ ಬೇಡ, ಮೂರರಲ್ಲಿ ಒಂದು ಪಾಲು ಕಾಳು ಇಡಿಯಾಗಿ ಉಳಿಯಲಿ. ತೆಗೆದಿಟ್ಟ ರಸ ಸ್ವಲ್ಪಸ್ವಲ್ಪವಾಗಿ ಸೇರಿಸಿ. ಸೌಟು ಎಳೆದರೆ ಬಾಣಲೆಯ ತಳ ಒಂದು ಕ್ಷಣ ಕಂಡು ಮತ್ತೆ ಮುಚ್ಚಿಕೊಳ್ಳುವ ಹದಕ್ಕೆ ಒಲೆ ಆರಿಸಿ. ಆರಿದಂತೆ ಇನ್ನೂ ಗಟ್ಟಿಯಾಗುತ್ತದೆ; ಒಲೆ ಮೇಲೆಯೇ ಉಂಡೆ ಕಟ್ಟುವ ಹದ ಬಂದರೆ ತಟ್ಟೆಯಲ್ಲಿ ಒಣಹಿಟ್ಟಾಗುತ್ತದೆ. ತೆಳುವಾಗಿ ಬಿಟ್ಟರೆ ಖಡಕ್ ರೊಟ್ಟಿ ಎರಡೇ ನಿಮಿಷಕ್ಕೆ ಮೆತ್ತಗೆ.

ಕೊನೆಗೆ ನಾಲ್ಕು ದೊಡ್ಡಪತ್ರೆ ಎಲೆ ಸಣ್ಣಗೆ ಹೆಚ್ಚಿ ಹಾಕಿ. ಮೆಕ್ಸಿಕೋದ ಓರೆಗಾನೋ, ಪಿಜ್ಜಾ ಜೊತೆ ಬರುವ ಪೊಟ್ಟಣದ ಓರೆಗಾನೋ ಒಂದೇ ಗಿಡವಲ್ಲ, ಕುಟುಂಬವೂ ಬೇರೆ. ಮೆಕ್ಸಿಕೋದ ಓರೆಗಾನೋದ ಘಮಕ್ಕೆ ಕಾರಣವಾದ ಕಾರ್ವಕ್ರಾಲ್ ನಮ್ಮ ಹಿತ್ತಲ ದೊಡ್ಡಪತ್ರೆಯಲ್ಲೂ ಇದೆ. ಪೊಟ್ಟಣ ಹುಡುಕಿಕೊಂಡು ಹೋಗುವ ಬದಲು ಕುಂಡದಲ್ಲಿರುವುದನ್ನು ಚಿವುಟಿಕೊಂಡರೆ ಸಾಕು. ನಾಲ್ಕೇ ಎಲೆ, ಹೆಚ್ಚಾದರೆ ಶೀತಕ್ಕೆ ಕುಡಿಯುವ ಕಷಾಯ ನೆನಪಾಗುತ್ತದೆ.

ಈಗ ಸಾಲ್ಸಾ. ಈ ಊಟದಲ್ಲಿ ಅತಿ ಹೆಚ್ಚು ಗಮನ ಕೇಳುವುದು ಇದು, ಅತಿ ಹೆಚ್ಚು ಫಲ ಕೊಡುವುದೂ ಇದೇ. ನಾಲ್ಕು ಮಧ್ಯಮ ಗಾತ್ರದ ಟೊಮೆಟೊ (ಸುಮಾರು 350 ಗ್ರಾಂ), ಅರ್ಧ ಉಳ್ಳಾಗಡ್ಡಿ ದಪ್ಪ ಬಿಲ್ಲೆಯಾಗಿ ಕೊಯ್ದದ್ದು, ಸಿಪ್ಪೆ ಬಿಡಿಸದ ಮೂರು ಎಸಳು ಬೆಳ್ಳುಳ್ಳಿ, ಎರಡು ಹಸಿಮೆಣಸಿನಕಾಯಿ, ಮೂರು ಬ್ಯಾಡಗಿ ಮೆಣಸಿನಕಾಯಿ. ರೊಟ್ಟಿ ಸುಡುವ ಕಬ್ಬಿಣದ ಹಂಚನ್ನೇ ಬಳಸಿ. ನಾನ್‌ಸ್ಟಿಕ್ ತವಾವನ್ನು ಎಣ್ಣೆಯಿಲ್ಲದೆ ಈ ಬಿಸಿಗೆ ಇಡುವುದು ಒಳ್ಳೆಯದಲ್ಲ, ಅದರ ಲೇಪ ಹಾಳಾಗುತ್ತದೆ. ಹಂಚು ಚೆನ್ನಾಗಿ ಕಾದ ಮೇಲೆ ಎಣ್ಣೆ ಹಾಕದೆ ಟೊಮೆಟೊ, ಉಳ್ಳಾಗಡ್ಡಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ಹರಡಿ. ಹಸಿಮೆಣಸಿನಕಾಯಿಗೆ ಮೊದಲು ಚಾಕುವಿನಿಂದ ಒಂದು ಗೀರು ಹಾಕಿ, ಇಲ್ಲವಾದರೆ ಸಿಡಿಯುತ್ತದೆ. ಅದು ಮೂರ್ನಾಲ್ಕು ನಿಮಿಷಕ್ಕೆ ಚುಕ್ಕೆ ಚುಕ್ಕೆ ಕಪ್ಪಾಗುತ್ತದೆ, ತೆಗೆಯಿರಿ. ಬೆಳ್ಳುಳ್ಳಿ ಸಿಪ್ಪೆಯೊಳಗೇ ಆರೇಳು ನಿಮಿಷಕ್ಕೆ ಮೆತ್ತಗೆ, ಅದನ್ನೂ ತೆಗೆಯಿರಿ. ಸಿಪ್ಪೆ ಬಿಡಿಸಿ ಇಟ್ಟಿದ್ದರೆ ಅದು ಕರಕಲಾಗಿ ಇಡೀ ಸಾಲ್ಸಾ ಕಹಿಯಾಗುತ್ತಿತ್ತು. ಟೊಮೆಟೊ ಹತ್ತು-ಹನ್ನೆರಡು ನಿಮಿಷ ತೆಗೆದುಕೊಳ್ಳುತ್ತದೆ. ಇಕ್ಕಳದಿಂದ ನಾಲ್ಕು ಬದಿಯೂ ತಿರುಗಿಸಿ; ಸಿಪ್ಪೆಯ ಮೇಲೆ ಅಲ್ಲಲ್ಲಿ ಕಪ್ಪು, ಒಳಗೆ ಪೂರ್ತಿ ಮೆತ್ತಗೆ ಆಗಬೇಕು. ಉರಿ ಸಣ್ಣದಿದ್ದರೆ ಕಪ್ಪಾಗುವ ಮೊದಲೇ ನೀರೊಡೆದು ಹಂಚಿನ ಮೇಲೆ ಬೇಯತೊಡಗುತ್ತದೆ. ಆಗ ಸುಟ್ಟ ರುಚಿ ಬರುವುದಿಲ್ಲ, ಬೇಯಿಸಿದ ಟೊಮೆಟೊದ ಸಪ್ಪೆ ಬರುತ್ತದೆ.

ಬ್ಯಾಡಗಿ ಮೆಣಸಿನಕಾಯಿ ಹಂಚಿನ ಮೇಲಿರಬೇಕಾದ್ದು ಇಪ್ಪತ್ತು ಸೆಕೆಂಡ್, ಮೂವತ್ತು ದಾಟಬಾರದು. ಒತ್ತಿ ಹಿಡಿದು ಒಂದು ಸಲ ಮಗುಚಿ, ಘಮ ಬಂದಕೂಡಲೇ ಬಿಸಿನೀರಿಗೆ ಹಾಕಿ ಹತ್ತು ನಿಮಿಷ ನೆನೆಸಿ. ಕಪ್ಪಾಯಿತೋ, ಬಿಸಾಡಿ ಇನ್ನೊಂದು ತೆಗೆದುಕೊಳ್ಳಿ, ಆ ಕಹಿಯನ್ನು ಯಾವ ಬೆಲ್ಲವೂ ಮುಚ್ಚುವುದಿಲ್ಲ. ಮೆಕ್ಸಿಕೋದಲ್ಲಿ ಈ ಜಾಗದಲ್ಲಿ ಗುವಾಹಿಯೊ, ಆಂಚೊ ಅನ್ನುವ ಒಣ ಮೆಣಸಿನಕಾಯಿಗಳಿವೆ: ಖಾರ ಕಡಿಮೆ, ಬಣ್ಣ ಗಾಢ, ಒಣಹಣ್ಣಿನ ಸಣ್ಣ ಸಿಹಿ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಗುರುತು ಪಡೆದ ಬ್ಯಾಡಗಿಯ ಗುಣವೂ ಸುಮಾರಾಗಿ ಅದೇ. ಹೆಸರು ಹಾವೇರಿ ಜಿಲ್ಲೆಯ ಊರಿನದಾದರೂ ಸಿರುಗುಪ್ಪ, ಕುರುಗೋಡು ಕಡೆಯ ಕರಿಮಣ್ಣಿನಲ್ಲೂ ಈ ಬಗೆಯ ಮೆಣಸಿನಕಾಯಿ ಬೆಳೆಯುತ್ತಾರೆ, ಹೊಸ ಮಾಲು ಬರುವ ಕಾಲದಲ್ಲಿ ಮನೆಗೆ ವರ್ಷಕ್ಕಾಗುವಷ್ಟು ಕೊಂಡಿಡುವವರು ಬಹಳ. ಗುಂಟೂರು ಮೆಣಸಿನಕಾಯಿಯಲ್ಲಿ ಬರೀ ಖಾರ ಏರುತ್ತದೆ, ಮೈ ಬರುವುದಿಲ್ಲ. ಖಾರ ಬೇಕಾದವರು ಒಂದೇ ಒಂದು ಸೇರಿಸಿಕೊಳ್ಳಲಿ.

ರುಬ್ಬುವುದಕ್ಕೆ ಚಿಕ್ಕ ಒಳಕಲ್ಲಿದ್ದರೆ ಅದೇ ಶ್ರೇಷ್ಠ. ಮೆಕ್ಸಿಕೋದವರದ್ದೂ ಮೂರು ಕಾಲಿನ ಕಪ್ಪು ಬಸಾಲ್ಟ್ ಒಳಕಲ್ಲೇ. ಮೊದಲು ಬೆಳ್ಳುಳ್ಳಿ, ಮುಕ್ಕಾಲು ಟೀ ಚಮಚ ಕಲ್ಲುಪ್ಪು, ನೆನೆದ ಬ್ಯಾಡಗಿ. ನುಣ್ಣಗಾದ ಮೇಲೆ ಹಸಿಮೆಣಸಿನಕಾಯಿ. ಆಮೇಲೆ ಒಂದೊಂದೇ ಟೊಮೆಟೊ ಸಿಪ್ಪೆ ಸಮೇತ. ಆ ಕಪ್ಪು ಚುಕ್ಕೆಗಳಲ್ಲೇ ರುಚಿ ಇರುವುದು, ತೊಳೆಯಬೇಡಿ. ಉಳ್ಳಾಗಡ್ಡಿಯನ್ನು ರುಬ್ಬದೆ ಹೆಚ್ಚಿ ಬೆರೆಸಿ. ಮಿಕ್ಸಿಯಾದರೆ ಬಿಟ್ಟುಬಿಟ್ಟು ನಾಲ್ಕೈದು ಸುತ್ತು ಮಾತ್ರ. ಒಂದೇ ಸಮ ತಿರುಗಿಸಿದರೆ ಗಾಳಿ ಸೇರಿ ಸಾಲ್ಸಾ ತೆಳು ಗುಲಾಬಿ ಬಣ್ಣದ ನೊರೆಯಾಗುತ್ತದೆ, ಬಾಯಿಗೆ ಸಿಗುವ ತರಿ ಇರುವುದಿಲ್ಲ. ಬಿಸಿ ಟೊಮೆಟೊ ಮಿಕ್ಸಿಗೆ ಹಾಕಿ ಮುಚ್ಚಳ ಬಿಗಿದರೆ ಆವಿಯ ಒತ್ತಡಕ್ಕೆ ಮುಚ್ಚಳ ಹಾರುತ್ತದೆ, ಆರಲಿ. ಕೊನೆಗೆ ಒಂದು ಹಿಡಿ ಕೊತ್ತಂಬರಿ, ಅರ್ಧ ನಿಂಬೆ. ನಾಟಿ ಟೊಮೆಟೊ ತಾನೇ ಹುಳಿ, ಆಗ ನಿಂಬೆ ಕಡಿಮೆ; ಹೈಬ್ರಿಡ್ ಟೊಮೆಟೊಗೆ ಇಡೀ ನಿಂಬೆ ಬೇಕಾಗಬಹುದು. ರುಚಿ ನೋಡುವುದಾದರೆ ಚಮಚದಲ್ಲಿ ಬೇಡ, ರೊಟ್ಟಿಯ ಚೂರಿನ ಜೊತೆ ನೋಡಿ. ಬರೀ ನಾಲಿಗೆಗೆ ಸರಿ ಅನ್ನಿಸಿದ ಉಪ್ಪು ರೊಟ್ಟಿಗೆ ಸಾಲುವುದಿಲ್ಲ.

ಹಸಿರು ಸಾಲ್ಸಾ ಬೇಕೆಂದರೆ ಕೆಂಪು ಟೊಮೆಟೊ ಬದಲು ಕಾಯಿ ಟೊಮೆಟೊ, ಬ್ಯಾಡಗಿ ಬದಲು ಇನ್ನೆರಡು ಹಸಿಮೆಣಸಿನಕಾಯಿ. ಅಲ್ಲಿ ಬಳಸುವುದು ಟೊಮಾಟಿಯೊ, ನಮ್ಮ ಹೊಲದ ಬದುವಿನ ಗುಪ್ಪಟೆ ಹಣ್ಣಿನ ಸಂಬಂಧಿ. ಇಲ್ಲಿ ಸಿಗುವುದಿಲ್ಲ, ಕಾಯಿ ಟೊಮೆಟೊದ ಹುಳಿ ಆ ಕೊರತೆಯನ್ನು ಬಹುಪಾಲು ತುಂಬುತ್ತದೆ. ಕಾಯಿ ಟೊಮೆಟೊ ಚಟ್ನಿ ಮಾಡುವ ಕೈಗೆ ಇದೇನೂ ಕಷ್ಟವಲ್ಲ. ಶೇಂಗಾ, ಎಳ್ಳು, ಒಗ್ಗರಣೆ ಬಿಟ್ಟು ನಿಂಬೆ, ಕೊತ್ತಂಬರಿಗೆ ನಿಂತರೆ ಆಯಿತು.

ಉಳ್ಳಾಗಡ್ಡಿಯ ಕೆಲಸ ಚಿಕ್ಕದು. ಎರಡು ಕೆಂಪು ಉಳ್ಳಾಗಡ್ಡಿಯನ್ನು ಎಳೆಯಾಗಿ ಹೆಚ್ಚಿ, ಜರಡಿಯಲ್ಲಿಟ್ಟು ಮೇಲೆ ಕುದಿನೀರು ಸುರಿದು, ಅರ್ಧ ಟೀ ಚಮಚ ಉಪ್ಪು, ಎರಡು ನಿಂಬೆಯ ರಸದಲ್ಲಿ ಇಪ್ಪತ್ತು ನಿಮಿಷ ಬಿಡಿ. ಘಾಟು ಹೋಗುತ್ತದೆ, ಹುಳಿಗೆ ಅದರ ಬಣ್ಣ ಗುಲಾಬಿಗೆ ತಿರುಗುತ್ತದೆ. ಲೆಟ್ಯೂಸ್ ಹುಡುಕುವುದು ಬೇಡ. ಎಲೆಕೋಸನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ ತಣ್ಣೀರಿನಲ್ಲಿ ಹತ್ತು ನಿಮಿಷ ಇಟ್ಟು, ಬಟ್ಟೆಯಲ್ಲಿ ಹಿಂಡಿ ಒಣಗಿಸಿ. ಮೆಕ್ಸಿಕೋದಲ್ಲೂ ಎಲೆಕೋಸು, ಮೂಲಂಗಿ ಹಾಕುತ್ತಾರೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಅರ್ಧ ಗಂಟೆ ಕಟ್ಟಿ ನೇತುಹಾಕಿ, ಒಂದು ಚಮಚ ಹಾಲಿನ ಕೆನೆ, ಚಿಟಿಕೆ ಉಪ್ಪು ಕಲಸಿದರೆ ಅವರ ಕ್ರೇಮಾದ (ಹುಳಿ ಕೆನೆಯ) ಜಾಗಕ್ಕೆ ಬರುತ್ತದೆ. ಮೊಸರು ಸಿಹಿಯಾಗಿರಲಿ, ಹುಳಿ ಕೊಡಲು ನಿಂಬೆ ಇದೆ.

ಚೀಸ್ ವಿಷಯದಲ್ಲಿ ಒಂದು ಗೊಂದಲ ಬಗೆಹರಿಸಬೇಕು. ಟೊಸ್ತಾದಾ ಮೇಲೆ ಕರಗುವ ಚೀಸ್ ಬೇಕಾಗಿಯೇ ಇಲ್ಲ, ಪುಡಿಯಾಗುವ ಬಿಳಿ ಚೀಸ್ ಉದುರಿಸುತ್ತಾರೆ. ಪನ್ನೀರ್ ಅದಕ್ಕೆ ಸರಿಹೊಂದುತ್ತದೆ: 100 ಗ್ರಾಂ ಪನ್ನೀರ್ ಕೈಯಲ್ಲಿ ಪುಡಿಮಾಡಿ, ಕಾಲು ಟೀ ಚಮಚ ಉಪ್ಪು, ನಾಲ್ಕು ಹನಿ ನಿಂಬೆ. ಉಪ್ಪಿಲ್ಲದ ಪನ್ನೀರ್ ಹಾಗೇ ಹಾಕಿದರೆ ಊಟದ ನಡುವೆ ಸಪ್ಪೆ ಗಂಟು ಸಿಗುತ್ತದೆ. ಕೆಸಾಡಿಯಾ (ಚೀಸ್ ತುಂಬಿ ಮಡಚಿ ಸುಟ್ಟ ಟೋರ್ಟಿಯಾ) ಮಾಡುವವರಿಗೆ ಮಾತ್ರ ಕರಗುವ ಚೀಸ್ ಬೇಕು, ಅಲ್ಲಿ ಪನ್ನೀರ್ ನಡೆಯುವುದಿಲ್ಲ. ಹುಳಿ ಹಾಕಿ ಒಡೆದ ಹಾಲಿನಿಂದಾದ ಪನ್ನೀರ್ ಎಷ್ಟು ಬಿಸಿ ಮಾಡಿದರೂ ಎಳೆ ಬಿಡುವುದಿಲ್ಲ.

ಸಸ್ಯಾಹಾರಿಗಳು ಡಬ್ಬಿ ಸಾಮಾನು ಕೊಳ್ಳುವಾಗ ಹಸಿರು ಗುರುತು ನೋಡಲೇಬೇಕು. ಮೆಕ್ಸಿಕೋದ ಸಾಂಪ್ರದಾಯಿಕ ಕಲಸಿದ ಕಾಳಿಗೆ, ಗೋಧಿ ಟೋರ್ಟಿಯಾಕ್ಕೆ ಹಂದಿ ಕೊಬ್ಬು ಹಾಕುವುದು ವಾಡಿಕೆ. ಅಲ್ಲಿಯ, ಟೊಮೆಟೊ ಹಾಕಿದ ಕೆಂಪು ಅನ್ನ ಬಹಳ ಕಡೆ ಕೋಳಿ ಬೇಯಿಸಿದ ನೀರಿನಲ್ಲಿ ಆಗುತ್ತದೆ. ಹೊರದೇಶದ ಕೆಲವು ಚೀಸ್‌ಗಳಲ್ಲಿ ಹಾಲು ಗಟ್ಟಿ ಮಾಡಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಇರುತ್ತದೆ. ಕಾಳು ಮನೆಯಲ್ಲೇ ಬೇಯಿಸಿದರೆ ಈ ಚಿಂತೆ ಇಲ್ಲ.

ಬಡಿಸುವಾಗ ಖಡಕ್ ರೊಟ್ಟಿಯನ್ನು ನಾಲ್ಕು ಚೂರು ಮಾಡಿ, ಒಣ ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಬಿಸಿ ಮಾಡಿ. ಮಳೆಗಾಲದಲ್ಲಿ ಇದು ತಪ್ಪಬಾರದು, ತೇವ ಹೀರಿದ ರೊಟ್ಟಿ ಹಲ್ಲಿಗೆ ಅಂಟುತ್ತದೆ. ಮೊದಲು ಕಾಳು, ಅಂಚಿನವರೆಗೆ ತೆಳುವಾಗಿ. ಎಣ್ಣೆಯಿರುವ ಕಾಳಿನ ಪದರ ರೊಟ್ಟಿಗೆ ಸಾಲ್ಸಾದ ನೀರು ತಾಕದಂತೆ ತಡೆಯುತ್ತದೆ, ಸಾಲ್ಸಾ ನೇರ ರೊಟ್ಟಿಗೆ ಹಾಕಬೇಡಿ. ಮೇಲೆ ಎಲೆಕೋಸು, ಸಾಲ್ಸಾ, ಉಳ್ಳಾಗಡ್ಡಿ, ಪನ್ನೀರ್, ಒಂದು ಗೆರೆ ಮೊಸರು. ಬೆಣ್ಣೆಹಣ್ಣು ಒಳ್ಳೆಯದು ಸಿಕ್ಕರೆ ಉಪ್ಪು-ನಿಂಬೆ ಹಾಕಿ ಕಿವುಚಿ ಸೇರಿಸಿ. ಕಾಯಿ ಹಣ್ಣನ್ನು ಮಿಕ್ಸಿಗೆ ಹಾಕಿ ಸರಿಮಾಡಲು ಹೋದರೆ ಕಹಿ ಬರುತ್ತದೆ. ಮೊದಲೇ ಜೋಡಿಸಿ ಇಡದೆ, ಎಲ್ಲವನ್ನೂ ಬಟ್ಟಲುಗಳಲ್ಲಿ ನಡುವೆ ಇಟ್ಟು ಅವರವರೇ ಹಾಕಿಕೊಳ್ಳಲಿ.

ಮೆತ್ತನೆ ಟೋರ್ಟಿಯಾನೇ ಬೇಕು ಅನ್ನುವವರಿಗೆ: ಅಂಗಡಿಯಲ್ಲಿ 'ಕಾರ್ನ್ ಫ್ಲೋರ್' ಕೇಳಿದರೆ ಕೊಡುವುದು ಸೂಪ್ ಗಟ್ಟಿ ಮಾಡುವ ಬಿಳಿ ಪಿಷ್ಟ, ಅದರಲ್ಲಿ ರೊಟ್ಟಿ ಆಗದು. ಗಿರಣಿಯಲ್ಲಿ ಬೀಸಿಸಿದ ಹಳದಿ ಮೆಕ್ಕೆಜೋಳದ ಹಿಟ್ಟು ಬೇಕು. ಅದೂ ಬರೀ ತಣ್ಣೀರಿಗೆ ಕೂಡಿಕೊಳ್ಳುವುದಿಲ್ಲ. ಮೆಕ್ಸಿಕೋದಲ್ಲಿ ಮೆಕ್ಕೆಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಬಿಟ್ಟು, ಸಿಪ್ಪೆ ಉಜ್ಜಿ ತೊಳೆದು ಹಸಿಯಾಗಿಯೇ ರುಬ್ಬುತ್ತಾರೆ. ಸುಣ್ಣ ಸಿಪ್ಪೆಯನ್ನು ಕರಗಿಸಿ ಹಿಟ್ಟಿಗೆ ಜಿಗಿ ಕೊಡುತ್ತದೆ, ನಯಾಸಿನ್ ಎಂಬ ಜೀವಸತ್ವವನ್ನು ದೇಹಕ್ಕೆ ಸಿಗುವಂತೆ ಬಿಡಿಸುತ್ತದೆ. ಈ ಪದ್ಧತಿ ಇಲ್ಲದೆ ಬರೀ ಮೆಕ್ಕೆಜೋಳವನ್ನೇ ನಂಬಿದ ಯುರೋಪು, ಅಮೆರಿಕದ ಬಡವರಲ್ಲಿ ಪೆಲಾಗ್ರಾ ರೋಗ ಹಬ್ಬಿತ್ತು. ಬಿಡುವಿನ ದಿನ ಮನೆಯಲ್ಲೂ ಮಾಡಬಹುದು: ಅರ್ಧ ಕೆಜಿ ಕಾಳಿಗೆ ಎಲೆ-ಅಡಿಕೆಯ ತೊಯ್ದ ಸುಣ್ಣ 10 ಗ್ರಾಂ, ಒಂದೂವರೆ ಲೀಟರ್ ನೀರು, ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಬೇಡ, ಸುಣ್ಣ ಅದನ್ನು ತಿನ್ನುತ್ತದೆ. ಗೋಡೆಗೆ ಬಳಿಯುವ ಸುಣ್ಣವಂತೂ ಬೇಡವೇ ಬೇಡ. ಮುಕ್ಕಾಲು ಗಂಟೆ ಕುದಿಸಿ, ಬೆಳಗ್ಗೆ ನಾಲ್ಕೈದು ನೀರಿನಲ್ಲಿ ತೊಳೆದು ರುಬ್ಬಿ.

ಅವಸರಕ್ಕೆ ಜೋಳದ ರೊಟ್ಟಿಯ ಉಪಾಯ ಸಾಕು. ಒಂದು ಲೋಟ ಮೆಕ್ಕೆಜೋಳದ ಹಿಟ್ಟು, ಕಾಲು ಲೋಟ ಗೋಧಿ ಹಿಟ್ಟು, ಉಪ್ಪು, ಮುಕ್ಕಾಲು ಲೋಟ ಕುದಿನೀರು; ಹತ್ತು ನಿಮಿಷ ಮುಚ್ಚಿಟ್ಟು ನಾದಿ. ಲಿಂಬೆಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ತಟ್ಟೆಯ ತಳದಿಂದ ಒತ್ತಿ. ಅಂಚು ಬಿರಿದರೆ ನೀರು ಕಡಿಮೆ, ಹಾಳೆಗೆ ಅಂಟಿದರೆ ಹೆಚ್ಚು. ಜೋರು ಉರಿಯಲ್ಲಿ ಒಂದು ಬದಿ ಅರ್ಧ ನಿಮಿಷ, ಇನ್ನೊಂದು ಬದಿ ಒಂದು ನಿಮಿಷ, ಮತ್ತೆ ಮಗುಚಿ ಕಾಲು ನಿಮಿಷ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಟ್ಟರೆ ಒಣಗಿ ಮಡಚುವಾಗ ಸೀಳುತ್ತದೆ. ತೆಗೆದ ತಕ್ಷಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ, ತನ್ನ ಆವಿಗೆ ತಾನೇ ಮೆತ್ತಗಾಗುತ್ತದೆ.

ಕೆಂಪು ಅನ್ನ ಅದೇ ದಿನ ಮಾಡಬೇಕೆಂದಿಲ್ಲ. ಮಾಡುವುದಾದರೆ ಗಂಗಾವತಿ, ಸಿಂಧನೂರಿನ ಹಳೆ ಸೋನಾ ಮಸೂರಿ ತೆಗೆದುಕೊಳ್ಳಿ, ಹೊಸ ಅಕ್ಕಿ ಮುದ್ದೆಯಾಗುತ್ತದೆ. ಒಂದು ಲೋಟ ಅಕ್ಕಿ ತೊಳೆದು ಪೂರ್ತಿ ನೀರು ಬಸಿದು, ಎರಡು ಚಮಚ ಎಣ್ಣೆಯಲ್ಲಿ ತಿಳಿ ಹೊಂಬಣ್ಣಕ್ಕೆ ಹುರಿದು, ಅರ್ಧ ಲೋಟ ಟೊಮೆಟೊ ರಸ, ಒಂದೂವರೆ ಲೋಟ ಬಿಸಿನೀರು, ಉಪ್ಪು, ಬೆಳ್ಳುಳ್ಳಿ. ಮುಚ್ಚಿ ಸಣ್ಣ ಉರಿಯಲ್ಲಿ ಹದಿನಾಲ್ಕು ನಿಮಿಷ, ಆರಿಸಿ ಹತ್ತು ನಿಮಿಷ. ನಡುವೆ ಕೈಯಾಡಿಸಬೇಡಿ.

ಉಳಿದ ಸಾಲ್ಸಾ ಫ್ರಿಜ್‌ನಲ್ಲಿ ಎರಡು ದಿನ, ಕಾಳು ಮೂರು ದಿನ. ಹೆಚ್ಚು ದಿನ ಇರುವಂಥದ್ದು ಬೇಕಾದರೆ ಸಾಲ್ಸಾ ಮಾಚಾ ಮಾಡಿ, ಮೆಕ್ಸಿಕೋದ ವೆರಾಕ್ರೂಸ್ ಕಡೆಯದು. ಶೇಂಗಾ ಚಟ್ನಿ ಗೊತ್ತಿರುವವರಿಗೆ ಕೈಗೆ ಬಂದಂತೆಯೇ. ಅರ್ಧ ಲೋಟ ಎಣ್ಣೆಯಲ್ಲಿ ನಾಲ್ಕು ಚಮಚ ಶೇಂಗಾವನ್ನು ಸಣ್ಣ ಉರಿಯಲ್ಲಿ ಹುರಿದು ತೆಗೆಯಿರಿ, ಅದೇ ಎಣ್ಣೆಯಲ್ಲಿ ಆರು ಎಸಳು ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದಾಗ ತೆಗೆಯಿರಿ. ಒಲೆ ಆರಿಸಿ ಒಂದು ಚಮಚ ಎಳ್ಳು, ಬೀಜ ಉದುರಿಸಿದ ಎಂಟು ಬ್ಯಾಡಗಿ ಹಾಕಿ. ಎಣ್ಣೆಯ ಬಿಸಿಯೇ ಸಾಕು, ಉರಿ ಇದ್ದರೆ ಮೆಣಸಿನಕಾಯಿ ಕಪ್ಪಾಗುತ್ತದೆ. ಆರಿದ ಮೇಲೆ ಎಲ್ಲ ಸೇರಿಸಿ ಉಪ್ಪು, ಚೂರು ಬೆಲ್ಲ, ಒಂದು ಟೀ ಚಮಚ ವಿನೆಗರ್ ಹಾಕಿ ತರಿತರಿಯಾಗಿ ರುಬ್ಬಿ, ಒಣಗಿದ ಗಾಜಿನ ಬಾಟಲಿಯಲ್ಲಿ ಫ್ರಿಜ್‌ನಲ್ಲಿಡಿ. ಎರಡು ವಾರ ಇರುತ್ತದೆ, ಒದ್ದೆ ಚಮಚ ಮುಟ್ಟಿಸದಿದ್ದರೆ. ಕಾಳು ಬೇಯಿಸಲು ಹೊತ್ತಿಲ್ಲದ ರಾತ್ರಿ ಖಡಕ್ ರೊಟ್ಟಿ, ಉಪ್ಪು ಬೆರೆಸಿದ ಪನ್ನೀರ್, ಸಾಲ್ಸಾ ಮಾಚಾ, ನಿಂಬೆ ಇಷ್ಟಿದ್ದರೆ ಹತ್ತು ನಿಮಿಷಕ್ಕೆ ಊಟ.